ಸೋಮವಾರ ಚಾಲೂ ಮಾಡದ ಗಾಡಿಗಳು

ಅದು ರವಿವಾರ. ಬಸವ ಜಯಂತಿ ಮುಗಿದು ಎಂಟು ಹತ್ತು ದಿನ ಕಳೆದಿದ್ದವು. ಬೆಳಗಿನ ತಂಪಿನಲ್ಲೇ ನಾನೂ ನನ್ನ ತಮ್ಮನೂ ಹೊಲಕ್ಕೆ ಹೋಗಿ, ಹೊಸ ಶೆಡ್ಡಿನ ಪತ್ರಾಸುಗಳಿಗೆ, ಅಂದರೆ ಮಾಡಿನ ತಗಡುಗಳಿಗೆ, ಉಳಿದ ಬೋಲ್ಟುಗಳನ್ನು ಬಿಗಿಯುತ್ತಿದ್ದೆವು. ಅವನು ಮೇಲೆ ತಗಡಿನ ಮೇಲೆ ಗೋಣಿಚೀಲ ಹಾಸಿಕೊಂಡು ಕುಳಿತಿದ್ದ. ನಾನು ಏಣಿಯ ನಡುವೆ ನಿಂತು ಡಾಂಬರು ವಾಷರುಗಳನ್ನು ಎತ್ತಿ ಕೊಡುತ್ತಿದ್ದೆ. ನನಗೆ ಆಗ ಐವತ್ತರ ಹತ್ತಿರ. ಅವನು ನನಗಿಂತ ಹನ್ನೊಂದು ವರ್ಷ ಚಿಕ್ಕವನು.

“ಅಣ್ಣಾ, ನೀ ಮಠದಾಗ ಪ್ರಸಾದ ಹಂಚಿದಂಗ ಒಂದೊಂದ ಕೊಡಾಕತ್ತಿಯಲ್ಲ. ಮುಟಗಿ ತುಂಬ ಕೊಡು,” ಎಂದ.

“ಮುಟಗಿ ತುಂಬ ಕೊಟ್ರ ಅರ್ಧಾ ಕೆಳಗ ಚೆಲ್ಲತಿ. ಆಮ್ಯಾಲೆ ಆರಸಾಂವ ನಾನು.”

“ಆರಸು. ಅಂಗಡ್ಯಾಗ ಕುಂತ ಕುಂತ ಹೊಟ್ಟಿ ಹತ್ತಿ ಅಂಡಿಗಿ ಆಗೇತಿ. ಒಂದೀಟು ಬಗ್ಗಿದ್ರ ಏನೂ ಹರಿಯೂದಿಲ್ಲ.”

ಬಿಸಿಲು ಏರಿದ ಮೇಲೆ ತಗಡು ಕೈ ಸುಡತೊಡಗಿತು. ಕೆಳಗಿಳಿದು ಬೇವಿನ ಗಿಡದ ನೆರಳಿನಲ್ಲಿ ಕುಳಿತು, ಅವನ ಹೆಂಡತಿ ಕಟ್ಟಿ ಕೊಟ್ಟಿದ್ದ ರೊಟ್ಟಿ, ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿ ತಿಂದೆವು. ಮಜ್ಜಿಗೆಯನ್ನು ಚರಿಗೆಯಿಂದಲೇ ಎತ್ತಿ ಕುಡಿದೆವು.

ಮಧ್ಯಾಹ್ನ ಮನೆಗೆ ಬಂದಾಗ ಫೋನು ಬಂತು. ಯರಗಟ್ಟಿಯ ವೆಲ್ಡಿಂಗ್ ಮಿಸ್ತ್ರಿ ಮಾತಾಡುತ್ತಿದ್ದರು. ನಮ್ಮ ಶೆಡ್ಡಿನ ಕಂಬಗಳನ್ನು ನಿಲ್ಲಿಸಿದವರು ಅವರೇ.

“ಸಾವಕಾರ್ರ, ನಾ ನಾಳೆ ಒಂದ ದಿನಾ ಖಾಲಿ ಅದೇನ್ರಿ. ಬಂದು ಆ ಅಡ್ಡಪಟ್ಟಿ ಹಾಕಿ ಬಿಡ್ತೇನಿ. ಗಾಳಿ ದಿನಾ ಅದಾವು, ಅದನ್ನ ಹಂಗ ಬಿಡಬಾರದ್ರಿ.”

“ನಾಳೆ ಸೋಮವಾರ ಅಲ್ರಿ ಮಿಸ್ತ್ರಿ. ಮಂಗಳವಾರ ಬರ್ರಿ.”

“ಮಂಗಳವಾರ ಮುನವಳ್ಯಾಗ ಒಬ್ಬರಿಗೆ ಮಾತ ಕೊಟ್ಟೇನ್ರಿ.” ಆಮೇಲೆ ತಾವೇ, “ಆತ್ರಿ, ಅವರಿಗೆ ಏನರ ಹೇಳತೇನಿ. ಮಂಗಳವಾರ ಮೊದಲನೇ ಬಸ್ಸಿಗೆ ಬರತೇನಿ,” ಎಂದರು.

ತಮ್ಮ ಪಕ್ಕದಲ್ಲೇ ನಿಂತು ಕೇಳುತ್ತಿದ್ದ. “ಸೋಮವಾರ ಬಿಡುವು ಇರೂದು ಗಾಡಿಗೆ ಅಣ್ಣಾ, ಕಂಬಕ್ಕಲ್ಲ,” ಎಂದ.

“ಗಾಡಿ ಇರೂ ಮನಿ ಕಂಬಾ ಹೌದಿಲ್ಲೊ?”

“ಆತ ಬಿಡು. ದೊಡ್ಡಾಂವ ನೀ.”

ಸಂಜೆ ಕೈಕಾಲು ತೊಳೆದು, ನಮ್ಮ ಮೂರೂ ಹಳೆಯ ಮೋಟಾರು ಗಾಡಿಗಳ ಕೀಲಿಗಳನ್ನು ತಂದು ನಮ್ಮ ಮನೆಯ ದೇವರ ಜಗಲಿಯ ಮೇಲೆ ಇಟ್ಟು ತನ್ನ ಮನೆಗೆ ಹೋದ. ನಮ್ಮ ಎರಡು ಮನೆಗಳ ನಡುವೆ ಒಂದೇ ಗೋಡೆ.

ಮರುದಿನ ಸಂಜೆ ಆ ಶೆಡ್ಡು ಬಿತ್ತು. ನನ್ನ ತಮ್ಮ ಅದರ ಕೆಳಗಿದ್ದ. ಅದು ಹೇಗೆ ಬಿತ್ತು ಎಂಬುದು ನಮ್ಮೂರು ಬೈಲಹೊಂಗಲದಲ್ಲಿ ಆಗ ಇದ್ದವರಿಗೆಲ್ಲ ಗೊತ್ತು. ಅದಕ್ಕೆ ಮೊದಲು ನಾವಿಬ್ಬರು ಆಡಿದ ನಾಲ್ಕು ಮಾತು ಮಾತ್ರ ನನ್ನನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ. ಅವನ ಹೆಂಡತಿಗೆ ಅವು ಗೊತ್ತಾಗಬೇಕು. ಅದಕ್ಕಾಗಿಯೇ ಇದನ್ನು ಬರೆಯಲು ಕುಳಿತಿದ್ದೇನೆ. ನಾನು ಮ್ಯಾಟ್ರಿಕ್ ಮುಗಿಸಿ ಅಂಗಡಿಯಲ್ಲಿ ಕುಳಿತವನು. ಬರವಣಿಗೆ ರೂಢಿಯಿಲ್ಲ. ಹೇಗೆ ನಡೆಯಿತೋ ಹಾಗೆ ಬರೆಯುತ್ತೇನೆ.

ಮೊದಲು ಸೋಮವಾರದ ವಿಷಯ ಹೇಳಬೇಕು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಬಿತ್ತುವ ಹದ ತಪ್ಪಿ ಹೋದರೂ ಸರಿ, ಆ ದಿನ ಎತ್ತುಗಳು ಮೇಯುತ್ತವೆ, ಮಲಗುತ್ತವೆ. ನಮ್ಮ ಅಪ್ಪ ಹತ್ತಿ ವ್ಯಾಪಾರ ಮಾಡುತ್ತಿದ್ದರು. ಮೊದಲು ಚಕ್ಕಡಿ ಕಟ್ಟಿಕೊಂಡು ಮುರಗೋಡ, ಯರಗಟ್ಟಿ, ಸವದತ್ತಿಯ ಕಡೆಯ ಹಳ್ಳಿಗಳಿಗೆ ಹೋಗಿ ಹತ್ತಿ ನೋಡಿ ಬರುತ್ತಿದ್ದರಂತೆ. ವ್ಯಾಪಾರ ಕೈಹಿಡಿದ ಮೇಲೆ ಬೆಳಗಾವಿಯಲ್ಲಿ ಒಬ್ಬ ವಕೀಲರ ಹತ್ತಿರ ಹಳೆಯ ಲ್ಯಾಂಡ್‌ಮಾಸ್ಟರ್ ಕಾರು ಕೊಂಡುಕೊಂಡರು. ಕಾರು ಬಂದ ಮೊದಲ ಸೋಮವಾರ ಡ್ರೈವರು ಎಂದಿನಂತೆ ಬಂದು ನಿಂತರೆ, ಅಪ್ಪ ಅವನನ್ನು ವಾಪಸು ಕಳಿಸಿದರಂತೆ. “ಎತ್ತು ಮಾಡೂ ಕೆಲಸಾ ಇದು ಮಾಡತೈತಿ. ಎತ್ತಿಗಿದ್ದ ಬಿಡುವು ಇದಕ್ಕೂ ಇರಲಿ,” ಎಂದರಂತೆ. ಅಂದಿನಿಂದ ರವಿವಾರ ಸಂಜೆ ಕೀಲಿ ಜಗಲಿಗೆ ಹೋಗುತ್ತಿತ್ತು. ಮಂಗಳವಾರ ಬೆಳಿಗ್ಗೆ ಪೂಜೆ ಆದ ಮೇಲೆ ಕೆಳಗೆ ಬರುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಆ ನಿಯಮ ನನ್ನ ಕೈಗೆ ಬಂತು. ಅಪ್ಪ ಅದನ್ನು ನಗುನಗುತ್ತ ನಡೆಸುತ್ತಿದ್ದರು. ನಾನು ಬಿಗಿಯಾಗಿ ನಡೆಸಿದೆ. ಅವರಷ್ಟು ದೊಡ್ಡ ಮನುಷ್ಯನಾಗಲು ನನ್ನ ಕೈಲಿ ಆಗಲಿಲ್ಲ. ಅವರ ನಿಯಮವನ್ನಾದರೂ ಬಿಡದೆ ಹಿಡಿಯೋಣ ಎಂದುಕೊಂಡಿದ್ದಿರಬೇಕು.

ಗಾಡಿಗಳ ಹುಚ್ಚು ನನ್ನದಲ್ಲ, ತಮ್ಮನದು. ಅಪ್ಪನ ಕಾಲಕ್ಕೇ ಲ್ಯಾಂಡ್‌ಮಾಸ್ಟರ್ ಮುದಿಯಾಗಿತ್ತು. ಅಂಗಡಿಯ ತಿರುಗಾಟಕ್ಕೆ ಬೇರೆ ಗಾಡಿ ಬಂದಿತ್ತು. ಗುಜರಿಗೆ ಹಾಕೋಣ ಎಂದು ನಾನು ಎರಡು ಸಲ ಹೇಳಿದೆ. ತಮ್ಮ ಅದರ ಎಂಜಿನ್ ಬಿಚ್ಚಿ ಪಡಸಾಲೆಯಲ್ಲಿ ಹಾಸಿಗೆ ಹಾಸಿದ ಹಾಗೆ ಹರಡಿಕೊಂಡು, ಒಂದು ಇಡೀ ಬೇಸಿಗೆ ಕುಳಿತ. ಪ್ರತಿಯೊಂದು ನಟ್ಟನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಎಲ್ಲಿಂದ ಬಿಚ್ಚಿದ್ದು ಎಂದು ಚೀಟಿ ಕಟ್ಟಿ ಇಡುತ್ತಿದ್ದ. ಮಳೆಗಾಲಕ್ಕೆ ಗಾಡಿ ಎದ್ದು ನಿಂತಿತು. ಆ ಗಾಡಿಯಲ್ಲೇ ರಾಮದುರ್ಗಕ್ಕೆ ಹೆಣ್ಣು ನೋಡಲು ಹೋದ. ಹೆಣ್ಣಿನ ಮನೆಯ ಹಿತ್ತಲಿನಲ್ಲಿ ಇನ್ನೊಂದು ಹಳೆಯ ಕಾರು ಕಂಡಿತು. ಮೂತಿ ಮುಂದೆ ಚಾಚಿದ ಚಿಕ್ಕ ಗಾಡಿ. ನಮ್ಮ ಕಡೆ ಅದಕ್ಕೆ ಡುಕ್ಕರ್ ಎನ್ನುತ್ತಾರೆ, ಅಂದರೆ ಹಂದಿ. ಅದರ ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕುಳಿತಿತ್ತಂತೆ.

“ಹುಡಿಗೀನ್ನ ನೋಡಾಕ ಹೋಗಿ ಡುಕ್ಕರ್ ನೋಡಿ ಬಂದಾನ,” ಎಂದು ಮನೆಯವರೆಲ್ಲ ನಕ್ಕರು. ಮದುವೆಯಾದ ಮೇಲೆ ಅವನ ಹೆಂಡತಿಯೇ ಇದನ್ನು ಹೇಳಿ ಹೇಳಿ ಅವನನ್ನು ಕಾಡುತ್ತಿದ್ದಳು. “ಅವರು ಒಪ್ಪಿದ್ದು ನನ್ನನ್ನಲ್ರಿ ಭಾವಾರ. ನನ್ನ ಜೋಡಿ ಅದೂ ಬರತೈತಿ ಅಂತ ಗೊತ್ತಾದ ಮ್ಯಾಲೆ ಹೂಂ ಅಂದ್ರು.” ಮದುವೆಯ ವರ್ಷವೇ ಡುಕ್ಕರ್ ಎತ್ತಿನ ಬಂಡಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಅಲ್ಲಿಂದ ಹೊರಟು ಬಂತು.

ಮೂರನೆಯದು ಜೀಪು. ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟುವಾಗ ಓಡಾಡಿದ ಗಾಡಿ. ಕೈಯಿಂದ ಕೈಗೆ ದಾಟಿ ಕೊನೆಗೆ ಸವದತ್ತಿಯಲ್ಲಿ ಒಬ್ಬರ ಕಬ್ಬಿನ ಹೊಲದ ಬದುವಿನಲ್ಲಿ ನಿಂತಿತ್ತು. ಅದಕ್ಕೂ ಒಂದು ಬೇಸಿಗೆ ಹೋಯಿತು. ತಗಡಿನ ಕೆಲಸಕ್ಕೆ ಅವನು ಕಿತ್ತೂರಿಗೆ ಹೋಗುತ್ತಿದ್ದ. ಹೈವೇ ಪಕ್ಕದಲ್ಲಿ ಲಾರಿಗಳ ಕೆಲಸ ಮಾಡುವ ಒಬ್ಬ ಮುದುಕ ಇದ್ದ. ಅವನು ಬಡಿದ ತಗಡು ಬಡಿದ ಹಾಗೆ ಕಾಣುತ್ತಲೇ ಇರಲಿಲ್ಲ.

ಸೋಮವಾರ ಮೂರೂ ಗಾಡಿಗಳು ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದವು. ತಮ್ಮನ ಸ್ಕೂಟರಿಗೆ ಮಾತ್ರ ಆ ನಿಯಮ ಇರಲಿಲ್ಲ. “ಅದಿನ್ನೂ ಕರಾ ಅಣ್ಣಾ, ಹೆಗಲಿಗೆ ನೊಗಾ ಬಿದ್ದಿಲ್ಲ,” ಎನ್ನುತ್ತಿದ್ದ. ನಾನು ನಗುತ್ತಿದ್ದೆ, ಬಿಡುತ್ತಿದ್ದೆ. ಅಷ್ಟು ಸಡಿಲು ಬಿಟ್ಟವನಿಗೆ ಇನ್ನೊಂದು ಎಳೆ ಸಡಿಲು ಬಿಡಲು ಆಗಲಿಲ್ಲ.

ಗಾಡಿಗಳಿಗೆ ನೆಲೆ ಇರಲಿಲ್ಲ. ಮಳೆಗಾಲದಲ್ಲಿ ತಾಡಪತ್ರಿ ಹೊದಿಸಿದರೆ ಒಳಗೆ ಬೆವರು ಬಿಟ್ಟು ಇನ್ನಷ್ಟು ತುಕ್ಕು ಹಿಡಿಯುತ್ತಿತ್ತು. ಇಲಿಗಳು ವಯರು ಕಡಿಯುತ್ತಿದ್ದವು. ಹೊಸ ಶತಮಾನ ಬಂದು ಒಂದೆರಡು ವರ್ಷಕ್ಕೆ ನಮ್ಮೂರಿನ ಒಂದು ಹಳೆಯ ಜಿನ್ನನ್ನು, ಅಂದರೆ ಹತ್ತಿ ಬಿಡಿಸುವ ಕಾರ್ಖಾನೆಯನ್ನು, ಕೆಡವಿ ಕಬ್ಬಿಣ ಮಾರಿದರು. ಅದರ ಮಾಡಿನ ಕೈಂಚಿಗಳನ್ನು ತಮ್ಮ ತಂದ. ಕೈಂಚಿ ಎಂದರೆ ಮಾಡು ಹೊರುವ ತ್ರಿಕೋನದ ಕಬ್ಬಿಣದ ಚೌಕಟ್ಟು. ಐದು ಕೈಂಚಿಗಳು. ಅಪ್ಪ ಹತ್ತಿ ಹಾಕುತ್ತಿದ್ದದ್ದು ಅದೇ ಜಿನ್ನಿಗೆ. ಆ ಮಾಡಿನ ಕೆಳಗೆ ಅಪ್ಪನ ಗಾಡಿ ನಿಂತರೆ ಚೆಂದ ಎಂದು ಇಬ್ಬರಿಗೂ ಅನ್ನಿಸಿತ್ತು.

ಶೆಡ್ಡನ್ನು ನಾವೇ ಕಟ್ಟಬೇಕು, ಕಂತ್ರಾಟು ಕೊಡಬಾರದು ಎಂದು ತಮ್ಮ ಹಠ ಹಿಡಿದ. ಸವದತ್ತಿ ರಸ್ತೆಯ ನಮ್ಮ ಹೊಲದ ಒಂದು ತುದಿಗೆ ಜಾಗ ಗುರುತು ಮಾಡಿದೆವು. ಅದು ಎರೆ ನೆಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಕಂಬವನ್ನು ಅದರ ಮೇಲೆ ನಂಬಿ ನಿಲ್ಲಿಸುವ ಹಾಗಿಲ್ಲ. ಕೆಳಗೆ ಗರಸು, ಅಂದರೆ ಜಲ್ಲಿಮಣ್ಣಿನ ಗಟ್ಟಿ ಪದರು, ಸಿಗುವ ತನಕ ಅಗೆಯಬೇಕು. ಹತ್ತು ಗುಂಡಿಗಳು. ಎಂಟರಲ್ಲಿ ನಾಲ್ಕೈದು ಅಡಿಗೆ ಗರಸು ಸಿಕ್ಕಿತು. ಮೂಲೆಯ ಎರಡರಲ್ಲಿ ಎಂಟಡಿ ಹೋದರೂ ಕರಿಮಣ್ಣೇ ಬಂತು. ಸಾಕು ಎಂದೆ ನಾನು. ತಮ್ಮ ಒಪ್ಪಲಿಲ್ಲ. ಆಳುಗಳು ಬೇರೆ ಕೆಲಸಕ್ಕೆ ಹೋದ ದಿನ ತಾನೇ ಇಳಿದು ಅಗೆದ. ಒಂಬತ್ತೂವರೆ ಅಡಿಗೆ ಗರಸು ಸಿಕ್ಕಾಗ ಒಂದು ಹಿಡಿಯನ್ನು ಅಂಗಡಿಗೆ ತಂದು ನನ್ನ ಮುಂದೆ ಇಟ್ಟ.

“ನೋಡು, ಬೆಲ್ಲದಂಗ ಐತಿ.”

“ತಿನ್ನು ಹಂಗಾರ.”

“ತಿಂದೇನಿ. ಅದಕ್ಕ ಹೇಳಾಕತ್ತೇನಿ.”

ಅವನ ತಾಳ್ಮೆಯ ಬಗ್ಗೆ ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ. ಕಬ್ಬಿಣದ ಮೇಲಿದ್ದ ಹಳೆಯ ಬಣ್ಣ, ತುಕ್ಕು ಎಲ್ಲವನ್ನೂ ತಂತಿ ಬ್ರಷ್ಷಿನಿಂದ ತಿಕ್ಕಲು ಅವನಿಗೆ ಎರಡು ತಿಂಗಳು ಬೇಕಾಯಿತು. ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು. ತಿಕ್ಕಿದ ಭಾಗಕ್ಕೆ ಅಂದೇ ಕೆಂಪು ಬಣ್ಣ ಬಳಿದು ಮನೆಗೆ ಬರುತ್ತಿದ್ದ. ಅವನ ಹೆಂಡತಿ, “ಇವರಿಗೆ ಲಗ್ನದಾಗೂ ಇಷ್ಟ ಅರಿಷಿಣ ಹಚ್ಚಿರಲಿಲ್ಲ,” ಎನ್ನುತ್ತಿದ್ದಳು.

ಯರಗಟ್ಟಿಯ ಮಿಸ್ತ್ರಿ ಬಂದು ಕಂಬ ನಿಲ್ಲಿಸಿ, ಕೈಂಚಿ ಏರಿಸಿ, ಬೆಸೆದರು. ಹತ್ತು ಕಂಬ, ಐದು ಕೈಂಚಿ. ಅವರು ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಒಂದು ಮಾತು ಹೇಳಿದರು. ಜಿನ್ನಿನಲ್ಲಿ ಈ ಕೈಂಚಿಗಳು ಎರಡು ಅಡಿ ದಪ್ಪದ ಕಲ್ಲಿನ ಗೋಡೆಯ ಮೇಲೆ ಕುಳಿತಿದ್ದವು. ಗಾಳಿ ಬಂದರೆ ತಡೆಯಲು ಗೋಡೆ ಇತ್ತು. ಇಲ್ಲಿ ಗೋಡೆ ಇಲ್ಲ, ಬರೀ ಕಂಬ. ಒಂದು ಕಂಬದ ಬುಡದಿಂದ ಇನ್ನೊಂದು ಕಂಬದ ತಲೆಗೆ, ಗುಣಾಕಾರದ ಗುರುತಿನ ಹಾಗೆ, ಅಡ್ಡಪಟ್ಟಿ ಹಾಕಬೇಕು. ಅದನ್ನು ಹಾಕಿದ ಮೇಲೆಯೇ ಪತ್ರಾಸು ಏರಿಸಬೇಕು.

“ಪತ್ರಾಸ ಇಲ್ಲದಾಗ ಗಾಳಿ ಹಾದು ಹೋಗತೈತ್ರಿ. ಪತ್ರಾಸ ಹಾಕಿದ್ರಿ ಅಂದ್ರ ಹಾಯಿ ಕಟ್ಟಿದಂಗ. ಅಡ್ಡಪಟ್ಟಿ ಮೊದಲು,” ಎಂದರು.

ತಮ್ಮ, “ಹೌದು ಅಣ್ಣಾ, ಅದ ಖರೆ,” ಎಂದ.

ಬಸವ ಜಯಂತಿಗೆ ಆರು ದಿನ ಉಳಿದಿತ್ತು. ಅಡ್ಡಪಟ್ಟಿಗೆ ಬೇಕಾದ ಆ್ಯಂಗಲ್ ಕಬ್ಬಿಣ ಸಾಲದೆ ಹುಬ್ಬಳ್ಳಿಯಿಂದ ಬರಬೇಕಿತ್ತು. ಜಯಂತಿಯ ದಿನ ಎತ್ತುಗಳ ಮೈತೊಳೆದು ಸಿಂಗರಿಸಿ ಪೂಜೆ ಮಾಡುತ್ತಾರೆ. ನಮ್ಮಲ್ಲಿ ಎತ್ತು ಉಳಿದಿರಲಿಲ್ಲ, ಗಾಡಿಗಳಿದ್ದವು. ಅಂದು ಮೂರೂ ಗಾಡಿಗಳು ಹೊಸ ಮಾಡಿನ ಕೆಳಗೆ ಸಾಲಾಗಿ ನಿಂತು ಪೂಜೆ ಆಗಬೇಕು ಎಂದು ನನ್ನ ಮನಸ್ಸಿನಲ್ಲಿ ಬಂದುಬಿಟ್ಟಿತ್ತು. ಬೀಗರಿಗೆ, ಪೇಟೆಯವರಿಗೆ ಹೇಳಿಯೂ ಬಿಟ್ಟಿದ್ದೆ.

“ಪತ್ರಾಸ ಮೊದಲ ಏರಸ್ರಿ. ಮಾಡಿಲ್ಲದ ಮನ್ಯಾಗ ಪೂಜಿ ಹೆಂಗ ಮಾಡೂದು? ಅಡ್ಡಪಟ್ಟಿ ಜಯಂತಿ ಆದ ಮ್ಯಾಲೆ ಹಾಕೂನು,” ಎಂದೆ.

ಮಿಸ್ತ್ರಿ ತಮ್ಮನ ಮುಖ ನೋಡಿದರು. ತಮ್ಮ ನನ್ನ ಮುಖ ನೋಡಿದ. ಆಮೇಲೆ, “ಅಣ್ಣ ಹೇಳಿದಂಗ ಆಗಲ್ರಿ,” ಎಂದ.

ಪತ್ರಾಸು ಏರಿತು. ಜಯಂತಿಯ ದಿನ ಗಾಡಿಗಳ ಮೂತಿಗೆ ವಿಭೂತಿ ಹಚ್ಚಿ, ಹಾರ ಹಾಕಿ, ಗಾಲಿಗೆ ಹೋಳಿಗೆ ನೈವೇದ್ಯ ತೋರಿಸಿದೆವು. ಬಂದವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಒಬ್ಬ ಹಿರಿಯರು ಕೈಂಚಿಯನ್ನು ನೋಡಿ, “ಇದರ ಕೆಳಗ ನಿಮ್ಮಪ್ಪಾರ ಜೋಡಿ ಹತ್ತಿ ತೂಗಿಸೇನಿ,” ಎಂದರು. ನನಗೆ ಎದೆ ತುಂಬಿ ಬಂತು. ಆ ಒಂದು ದಿನದ ಹೆಚ್ಚಳಕ್ಕೆ ನಾನು ಏನು ಕೊಟ್ಟೆ ಎಂಬುದು ಆಗ ಗೊತ್ತಿರಲಿಲ್ಲ.

ಆ್ಯಂಗಲ್ ಬಂತು. ಆದರೆ ಮಿಸ್ತ್ರಿಗೆ ಬೇರೆ ಕಡೆ ಕೆಲಸ ಹತ್ತಿತ್ತು. ಒಂದು ವಾರ ದಾಟಿತು. ಕೊನೆಗೆ ಅವರು ತಾವಾಗಿಯೇ ಫೋನು ಮಾಡಿ ಸೋಮವಾರ ಬರುತ್ತೇನೆ ಎಂದದ್ದು, ನಾನು ಮಂಗಳವಾರ ಎಂದದ್ದು ಮೊದಲೇ ಬರೆದಿದ್ದೇನೆ.

ಸೋಮವಾರ ಇಳಿಹೊತ್ತಿಗೆ ಮನೆಯ ಕಟ್ಟೆಯ ಮೇಲೆ ಪೇಪರು ಓದುತ್ತ ಕುಳಿತಿದ್ದೆ. ಗಾಳಿ ಒಮ್ಮೆಲೇ ನಿಂತು ಸೆಕೆ ಹೆಚ್ಚಾಯಿತು. ಪಡುವಣದಲ್ಲಿ ಮೋಡ ಕಟ್ಟಿತ್ತು. ಅದರ ಬುಡ ಕೆಂಪಗಿತ್ತು. ಧೂಳು ಎದ್ದಾಗ ಹಾಗೆ ಕಾಣುತ್ತದೆ. ನನ್ನ ಹೆಂಡತಿ ಮಾಳಿಗೆಯ ಮೇಲೆ ಒಣಹಾಕಿದ್ದ ಸಂಡಿಗೆ ಎತ್ತಲು ಓಡಿದಳು. ಅಷ್ಟರಲ್ಲಿ ತಮ್ಮ ಅಂಗಳಕ್ಕೆ ಬಂದ. ಸ್ಕೂಟರಿನಿಂದ ಇಳಿಯಲಿಲ್ಲ. ಒಂದು ಕಾಲು ನೆಲಕ್ಕೆ ಊರಿ ನಿಂತ.

“ಅಣ್ಣಾ, ಗಾಳಿ ಜೋರ ಬರೂ ಹಂಗ ಐತಿ. ಅಪ್ಪನ ಗಾಡಿ ಶೆಡ್ಡಿನ್ಯಾಗ ಐತಿ. ಹೊರಗ ಬಯಲಾಗ ನಿಂದರಸ್ತೇನಿ. ಕೀಲಿ ತಗೋಲೇನು?”

ಡುಕ್ಕರ್ ಮತ್ತು ಜೀಪನ್ನು ಬೋಲ್ಟು ಬಿಗಿಯಲು ಜಾಗ ಬೇಕೆಂದು ಶನಿವಾರವೇ ಹೊರಗೆ ತೆಗೆದಿದ್ದೆವು. ಲ್ಯಾಂಡ್‌ಮಾಸ್ಟರ್ ಒಂದೇ ಒಳಗಿತ್ತು.

“ಇವತ್ತ ಸೋಮವಾರ,” ಎಂದೆ.

“ಗೊತ್ತೈತಿ. ಅದಕ್ಕ ಕೇಳಾಕ ಬಂದೇನಿ.”

“ಕೇಳಿದಿ, ಹೇಳಿದೆ. ಚಾಲೂ ಮಾಡಬ್ಯಾಡ.”

“ಹಂಗಾರ ನೂಕಲೇನು?”

“ನೂಕು. ಚಹಾ ಕುಡದು ನಾನೂ ಬರತೇನಿ.”

ಅವನು ನಕ್ಕ. ಬೇಸರದ ನಗೆಯಲ್ಲ. ಅಣ್ಣ ಹೀಗೆಯೇ ಎಂಬ ನಗೆ. ಸ್ಕೂಟರ್ ತಿರುಗಿಸಿಕೊಂಡು ಹೋದ. ನಾನು ಪೇಪರಿನ ಆ ಪುಟವನ್ನು ಓದಿ ಮುಗಿಸಿದೆ. ಹೆಂಡತಿ ಕೆಳಗಿಳಿದು ಬಂದು ಚಹಾ ಇಟ್ಟಳು. ಚಹಾ ಅರ್ಧ ಕುಡಿದಾಗ ಗಾಳಿ ಬಂತು. ಬಾಗಿಲು ತಾನಾಗಿ ಬಡಿದುಕೊಂಡಿತು. ಎದುರು ಮನೆಯ ಹಂಚುಗಳು ಹಾರಿದವು. ಅದು ಹತ್ತು ನಿಮಿಷವೂ ಇರಲಿಲ್ಲ. ಮಳೆಯೂ ಬರಲಿಲ್ಲ, ನಾಲ್ಕು ದಪ್ಪ ಹನಿ ಬಿದ್ದವು ಅಷ್ಟೆ.

ಆಮೇಲಿನದನ್ನು ಪಕ್ಕದ ಹೊಲದ ಗೌಡರು ಹೇಳಿದರು. ಅವರು ಗಾಳಿಗೆ ಹೆದರಿ ತಮ್ಮ ಬಾವಿಯ ಪಂಪಿನ ಕೋಣೆಯಲ್ಲಿ ನಿಂತಿದ್ದರು. ಶೆಡ್ಡಿನ ನೆಲಕ್ಕೆ ಇನ್ನೂ ಕಾಂಕ್ರೀಟ್ ಹಾಕಿರಲಿಲ್ಲ. ಮೇಲೆ ಹರಡಿದ್ದ ಸಡಿಲು ಗರಸಿನಲ್ಲಿ ಗಾಡಿಯ ಗಾಲಿ ಇಳಿದಿತ್ತು. ತಮ್ಮ ಹಿಂದೆ ನಿಂತು ಹೆಗಲು ಕೊಟ್ಟು ನೂಕುತ್ತಿದ್ದನಂತೆ. ಗಾಡಿ ಎರಡು ಗೇಣು ಮುಂದೆ ಹೋಗಿ ಮತ್ತೆ ಹಿಂದೆ ಬರುತ್ತಿತ್ತಂತೆ. “ನಾ ಒದರಿದೆ, ಬಿಟ್ಟು ಬಾರೋ ತಮ್ಮಾ ಅಂತ. ಗಾಳಿ ಸಪ್ಪಳದಾಗ ಕೇಳಿಸಲಿಲ್ಲ,” ಎಂದರು. ಐದೂ ಕೈಂಚಿಗಳು ಒಂದೇ ಕಡೆ ವಾಲಿದವು. ಒಂದರ ಮೇಲೊಂದು ಮಲಗಿದವು. ಬುಡದ ಬೋಲ್ಟು ಒಂದೂ ಕಿತ್ತಿರಲಿಲ್ಲ. ಅವನು ಅಗೆದ ಗುಂಡಿಗಳು ಒಂದಿಷ್ಟೂ ಕದಲಿರಲಿಲ್ಲ.

ನಾನು ಓಡಿ ಹೋಗುವಷ್ಟರಲ್ಲಿ ಜನ ಸೇರಿ ಅವನನ್ನು ಎತ್ತಿ ಹೊರಗೆ ತೆಗೆದಿದ್ದರು. ಉಸಿರಿತ್ತು. ಟೆಂಪೋದಲ್ಲಿ ಬೆಳಗಾವಿಗೆ ಹೊರಟೆವು. ಅವನ ತಲೆ ನನ್ನ ತೊಡೆಯ ಮೇಲಿತ್ತು. ಮಾತಾಡಲಿಲ್ಲ. ಅರ್ಧ ದಾರಿಯೂ ಆಗಿರಲಿಲ್ಲ, ಉಸಿರು ನಿಂತಿತು. ಡ್ರೈವರಿಗೆ ಹೇಳಲು ನನಗೆ ಬಹಳ ಹೊತ್ತು ಹಿಡಿಯಿತು. ಹೇಳಿದರೆ ಗಾಡಿ ತಿರುಗಿಸಬೇಕಾಗುತ್ತದೆ ಎಂದು ಸುಮ್ಮನೆ ಕುಳಿತಿದ್ದೆ.

ಮಂಗಳವಾರ ಬೆಳಿಗ್ಗೆ ಮಿಸ್ತ್ರಿ ಮೊದಲನೆಯ ಬಸ್ಸಿಗೆ ಬಂದರು. ಹೇಳಿದ ಮಾತಿನಂತೆ ಬಂದಿದ್ದರು. ಅವರಿಗೆ ಯಾರೂ ತಿಳಿಸಿರಲಿಲ್ಲ. ವೆಲ್ಡಿಂಗ್ ರಾಡಿನ ಕಟ್ಟನ್ನು ಬಗಲಲ್ಲಿ ಹಿಡಿದುಕೊಂಡು ಮನೆಯ ಮುಂದೆ ಜನ ನೋಡಿ ನಿಂತರು. ಆ ಕಟ್ಟನ್ನು ಗೋಡೆಗೆ ಒರಗಿಸಿ, ನನ್ನ ಪಕ್ಕ ಬಂದು ಕುಳಿತು, ನನ್ನ ಕೈ ಹಿಡಿದುಕೊಂಡರು. ‘ನಾನು ಸೋಮವಾರವೇ ಬರುತ್ತಿದ್ದೆನಲ್ಲ’ ಎಂದು ಅವರು ಅಂದಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಅವರು ಅನ್ನಲಿಲ್ಲ. ಹೊಲದಲ್ಲಿ ಮಣ್ಣು ಮಾಡುವ ತನಕ ಇದ್ದು, ಸಂಜೆಯ ಬಸ್ಸಿಗೆ ಹೋದರು.

ತಿಂಗಳು ದಾಟಿದ ಮೇಲೆ ಒಂದು ದಿನ ತಮ್ಮನ ಹೆಂಡತಿ ನನಗೆ ಚಹಾ ತಂದುಕೊಟ್ಟು, ಹೋಗದೆ ಅಲ್ಲೇ ಬಾಗಿಲಿಗೆ ಒರಗಿ ನಿಂತಳು. ಅವಳು ಅಷ್ಟು ದಿನ ನನ್ನ ಎದುರು ಅತ್ತಿರಲಿಲ್ಲ. ಅಂದೂ ಅಳಲಿಲ್ಲ.

“ಭಾವಾರ, ಒಂದ ಮಾತ ಕೇಳಲ್ಯಾ? ಅವರು ಗಾಡಿ ನೂಕಾಕ ಯಾಕ ಹೋದ್ರು? ಚಾಲೂ ಮಾಡಿದ್ರ ಒಂದ ಗಳಿಗ್ಯಾಗ ಹೊರಗ ಬರತಿತ್ತು. ನಿಮ್ಮ ಕಡೆ ಕೀಲಿ ಕೇಳಲಿಲ್ಲೇನು?”

ಹೇಳಬೇಕಾದ ಗಳಿಗೆ ಅದು. ಅವಳೇ ಬಾಗಿಲು ತೆರೆದು ಕೊಟ್ಟಿದ್ದಳು. ನಾನು ಚಹಾದ ಬಟ್ಟಲನ್ನು ನೋಡುತ್ತ, “ಇಲ್ಲವಾ. ನನ್ನ ಕಡೆ ಬರಲಿಲ್ಲ,” ಎಂದೆ.

“ಕೇಳಿದ್ರ ನೀವು ಕೊಡತಿದ್ರಿ. ಜೀವಕ್ಕಿಂತ ವಾರ ದೊಡ್ಡದ ಅನ್ನಾಂವರಲ್ಲ ನೀವು. ಅವರಿಗೇ ಅವಸರ,” ಎಂದು ಬಟ್ಟಲು ತೆಗೆದುಕೊಂಡು ಒಳಗೆ ಹೋದಳು.

ಶೆಡ್ಡನ್ನು ಎರಡು ವರ್ಷ ಹಾಗೆಯೇ ಬಿಟ್ಟಿದ್ದೆ. ಜನ ಗುಜರಿಗೆ ಕೇಳಿದರು, ಕೊಡಲಿಲ್ಲ. ಆಮೇಲೆ ಒಂದು ದಿನ ಯರಗಟ್ಟಿಗೆ ನಾನೇ ಹೋದೆ. ಮಿಸ್ತ್ರಿ ಮರುಮಾತಾಡದೆ ಬಂದರು. ಬಾಗಿದ ಕೈಂಚಿಗಳನ್ನು ಕಾಯಿಸಿ, ಬಡಿದು ನೆಟ್ಟಗೆ ಮಾಡಿದರು. ಎರಡು ಮಾತ್ರ ಕೆಲಸಕ್ಕೆ ಬರಲಿಲ್ಲ, ಹೊಸದಾಗಿ ಮಾಡಿದರು. ಕಂಬಗಳು ಅವೇ ಗುಂಡಿಗಳ ಮೇಲೆ ನಿಂತವು. ಹೊಸ ಗುಂಡಿ ತೋಡುವ ಅಗತ್ಯ ಬೀಳಲಿಲ್ಲ. ಈ ಸಲ ಅಡ್ಡಪಟ್ಟಿ ಮೊದಲು ಬಿತ್ತು. ನಾಲ್ಕೂ ಕಡೆ, ಮೇಲೆ ಮಾಡಿನಲ್ಲೂ. ಕೆಲಸದ ನಡುವೆ ಒಂದು ಸೋಮವಾರ ಬಂತು. ಹಿಂದಿನ ಸಂಜೆ ಮಿಸ್ತ್ರಿ, “ನಾಳೆ ಬಿಡುವು ಮಾಡ್ಲ್ಯಾ ಸಾವಕಾರ್ರ?” ಎಂದು ಕೇಳಿದರು.

“ಬ್ಯಾಡ್ರಿ. ಮಾಡ್ರಿ,” ಎಂದೆ.

ಅವರು ನನ್ನ ಕಡೆ ನೋಡಲಿಲ್ಲ. ಕನ್ನಡಕ ಒರೆಸಿಕೊಳ್ಳುತ್ತ ತಲೆಯಾಡಿಸಿದರು. ಆ ಸೋಮವಾರ ಇಡೀ ದಿನ ನಾನು ಅವರ ಪಕ್ಕ ನಿಂತು ಪಟ್ಟಿ ಹಿಡಿದುಕೊಂಡೆ. ಅದೇ ಮಾತನ್ನು ಎರಡು ವರ್ಷ ಮೊದಲು ಫೋನಿನಲ್ಲಿ ಹೇಳಲು ನನಗೆ ಏನು ಕಷ್ಟವಿತ್ತು ಎಂದು ಯೋಚಿಸುತ್ತಿದ್ದೆ. ಏನೂ ಇರಲಿಲ್ಲ. ಅಪ್ಪ ಇದ್ದಿದ್ದರೆ ಆ ದಿನ ಮೋಡ ನೋಡಿ ತಾವೇ ಕೀಲಿ ತೆಗೆದುಕೊಟ್ಟು, ನಗುತ್ತ ಜಗಲಿಗೆ ಕೈ ಮುಗಿಯುತ್ತಿದ್ದರು. ಎತ್ತಿಗೆ ಬಿಡುವು ಕೊಡುವುದು ಅದರ ಮೇಲಿನ ಕರುಣೆಗೆ. ನನ್ನ ಸೋಮವಾರದಲ್ಲಿ ಕರುಣೆ ಇರಲಿಲ್ಲ, ಹಠ ಇತ್ತು.

ಲ್ಯಾಂಡ್‌ಮಾಸ್ಟರಿನ ಮಾಡು ಜಜ್ಜಿತ್ತು. ಕಿತ್ತೂರಿನ ಮುದುಕನನ್ನು ಕೇಳಿಕೊಂಡು ಹೋದರೆ ಅವನು ಕೆಲಸ ಬಿಟ್ಟಿದ್ದ. ಅವನ ಮಗ ಬಡಿದು ಕೊಟ್ಟ. ಬಡಿದ ಗುರುತು ಕಾಣುತ್ತದೆ. ಈಗ ಮೂರೂ ಗಾಡಿಗಳು ಒಳಗಿವೆ. ತುಕ್ಕು ಹಿಡಿಯುತ್ತಿಲ್ಲ. ಎಷ್ಟೋ ಮೇ ತಿಂಗಳ ಗಾಳಿ ಬಂದು ಹೋಯಿತು, ಶೆಡ್ಡು ಮಿಸುಕಿಲ್ಲ. ತಿಂಗಳಿಗೊಮ್ಮೆ ಹೋಗಿ ಗಾಡಿಗಳ ಬಾಗಿಲು ತೆಗೆದು ಗಾಳಿಯಾಡಿಸಿ ಬರುತ್ತೇನೆ. ಬ್ಯಾಟರಿಗಳು ಎಂದೋ ಸತ್ತಿವೆ. ಹೊಸವು ಹಾಕಿಸಿಲ್ಲ.

ತಮ್ಮನ ಹೆಂಡತಿ ಅದೇ ಮನೆಯಲ್ಲಿದ್ದಾಳೆ. ಹೊಲಿಗೆ ಕಲಿಸುತ್ತಾಳೆ. ಮಗಳನ್ನು ಓದಿಸಿದಳು. ನನ್ನ ಮೇಲೆ ಅವಳಿಗೆ ಮೊದಲಿನಷ್ಟೇ ಗೌರವವಿದೆ. ಹಬ್ಬಕ್ಕೆ ಮೊದಲ ಎಡೆ ನನಗೇ ಬಡಿಸುತ್ತಾಳೆ. ಅದನ್ನು ತಿನ್ನುವುದು ನನಗೆ ಸುಲಭವಲ್ಲ.

ಕಳೆದ ವಾರ ಗೋಡೆಯಾಚೆಯಿಂದ ಅವರ ಮಾತು ಕೇಳಿಸಿತು. ಮಗಳು ಬಸ್ಸು ತಪ್ಪುತ್ತದೆಂದು ಅರ್ಧ ಊಟಕ್ಕೆ ಎದ್ದಿದ್ದಳು.

“ಕುಂದರ. ಉಂಡ ಹೋಗು,” ಎಂದಳು ತಾಯಿ. “ಎಲ್ಲಾದಕ್ಕೂ ಅವಸರ. ನಿಮ್ಮಪ್ಪನಂಗ ಆಗಬ್ಯಾಡ ನೀ.”

“ಅಪ್ಪಾ ಭಾಳ ಅವಸರಾ ಮಾಡತಿದ್ದನೇನವಾ?”

“ಅವಸರಾ ಮಾಡೇ ಹೋದ್ರಲ್ಲ.”

ಆ ಹುಡುಗಿಗೆ ಅಪ್ಪ ಹೋದಾಗ ನಾಲ್ಕು ವರ್ಷ. ಅವಳಿಗೆ ಅವನು ನೆನಪಿಲ್ಲ. ತಾಯಿ ಹೇಳಿದಷ್ಟೇ ಅವಳಿಗೆ ಗೊತ್ತಿರುವ ಅಪ್ಪ. ಒಂದೊಂದು ನಟ್ಟಿಗೂ ಚೀಟಿ ಕಟ್ಟುತ್ತಿದ್ದವನನ್ನು, ಗರಸು ಸಿಗುವ ತನಕ ಒಬ್ಬನೇ ಅಗೆದವನನ್ನು, ಮೋಡ ಕಟ್ಟಿದಾಗಲೂ ಮೊದಲು ಅಣ್ಣನನ್ನು ಕೇಳಲು ಬಂದವನನ್ನು ನಾನು ಅವಸರದ ಮನುಷ್ಯನಾಗಿ ಮಾಡಿ ಬಿಟ್ಟಿದ್ದೇನೆ. ಅವನು ಕೀಲಿ ಕೇಳಿದ್ದ. ನಾನು ಕೊಡಲಿಲ್ಲ. ನೂಕು ಎಂದೆ.

ಇದನ್ನು ಬರೆದು ಮುಗಿಸಿ ಆಕೆಗೆ ಓದಲು ಕೊಡಬೇಕೆಂದುಕೊಂಡಿದ್ದೆ. ಬರೆದು ಮುಗಿದಿದೆ. ಇನ್ನೂ ಕೊಟ್ಟಿಲ್ಲ.